ಎಡಗಡೆ ಸ್ವಲ್ಪ ಮೆದು

ಬಟ್ಟೆ ಬೀರು ಇರುವ ಕೋಣೆಗೆ ಹಗಲು ಹೊತ್ತಿನಲ್ಲಿ ನನಗೆ ಪ್ರವೇಶವಿಲ್ಲ. ತೂಗುಹಾಕಿದ ಬಟ್ಟೆ ಗೋಡೆಯ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆಂದು ನನ್ನ ಗಂಡ ಅಲ್ಲಿಯೇ ಕೂತು ಅಗ್ಗದ ಇಯರ್‌ಫೋನ್‌ಗಳನ್ನು ಕೇಳಿ ನೋಡುತ್ತಾರೆ. ಯಾವುದು ಕೊಟ್ಟ ದುಡ್ಡಿಗೆ ಮೋಸವಿಲ್ಲ, ಯಾವುದು ಬರೀ ಪೆಟ್ಟಿಗೆಯ ಥಳಕು ಎಂದು ಕ್ಯಾಮೆರಾ ಮುಂದೆ ಹೇಳುತ್ತಾರೆ. ಆ ವಿಡಿಯೊ ನೋಡುವವರು ಇವರನ್ನು ಕಿವಿಯಣ್ಣ ಎಂದು ಕರೆಯುತ್ತಾರೆ. ದುಬಾರಿ ಮಾಲನ್ನು ಇವರು ಮುಟ್ಟುವುದಿಲ್ಲ. "ದುಡ್ಡಿದ್ದೋರು ಏನಾದ್ರೂ ತಗೊಳ್ಳಲಿ. ಮೋಸ ಹೋಗೋದು ಇಲ್ದೋರು" ಎಂಬುದು ಇವರ ವಾದ.

ನನ್ನನ್ನು ಕೇಳಿದರೆ ಇಯರ್‌ಫೋನುಗಳೆಲ್ಲ ಒಂದೇ. ಹಾಕಿಕೊಂಡರೆ ಸದ್ದು ಬರುತ್ತದೆ, ಬಿಚ್ಚಿಟ್ಟರೆ ಗಂಟಾಗುತ್ತದೆ. ಹೀಗೆಂದಾಗಲೆಲ್ಲ "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದು ಛೇಡಿಸುತ್ತಾರೆ. ಆದರೂ ಇವರ ವಿಡಿಯೊಗಳನ್ನು ನಾನು ಒಂದೂ ಬಿಡದೆ ನೋಡಿದ್ದೇನೆ. "ಇದ್ರಲ್ಲಿ ಡ್ರಮ್ಮು ಪಕ್ಕದ್ಮನೇಲಿ ಹೊಡೆದ ಹಾಗಿದೆ" ಎನ್ನುವರು. "ಹಾಡೋಳಿಗೆ ಪಾಪ ನೆಗಡಿ" ಎನ್ನುವರು. ಹೇಳುವಾಗ ಮುಖ ಮಗುವಿನ ಮುಖದಂತೆ ಅರಳುತ್ತಿತ್ತು. ಆ ಮುಖ ನೋಡುವುದಕ್ಕೇ ನಾನು ನೋಡುತ್ತಿದ್ದೆ.

ಹೊಸಬರಿಗೆ ಇವರು ಹೇಳಿಕೊಡುವ ಮೊದಲ ಪಾಠ ಒಂದಿದೆ. ಒಂದು ಕಡೆ ಸದ್ದು ಕಮ್ಮಿ ಎನಿಸಿದರೆ ತಕ್ಷಣ ಬೈಯಬೇಡಿ. ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ನೋಡಿ. ಕಮ್ಮಿ ಸದ್ದು ಆಚೆ ಕಿವಿಗೆ ಹೋದರೆ ತಪ್ಪು ಇಯರ್‌ಫೋನಿನದು, ಇದ್ದಲ್ಲೇ ಉಳಿದರೆ ಕಿವಿಯದು.

ಈಚೆಗೆ ಬಂದ ಇಯರ್‌ಫೋನುಗಳೆಲ್ಲ ಎಡಗಡೆ ಮೆದುವಾಗತೊಡಗಿದವು. "ಮಾಡೋರು ಕೆಟ್ಟುಹೋಗಿದಾರೆ ಕಣೆ. ಎಡಗಡೆ ಏನೋ ಒಂದು ತುರುಕಿ ಕಳಿಸ್ತಾರೆ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ ನಾನು, ತಮಾಷೆಗೆ. ಇವರು ನಗಲಿಲ್ಲ, ತಿರುಗಿ ಬೈಯಲೂ ಇಲ್ಲ. ನಾನು ಇವರ ಎಡಗಡೆ ನಿಂತಿದ್ದೆ.

ಒಂದು ಬೆಳಿಗ್ಗೆ ಒಬ್ಬ ಹೆಂಗಸಿನ ಫೋನು ಬಂತು. ಸಣ್ಣ ಶೆಡ್ಡಿನಲ್ಲಿ ನಾಲ್ಕಾರು ಜನರನ್ನಿಟ್ಟುಕೊಂಡು ಇಯರ್‌ಫೋನ್ ಜೋಡಿಸಿ ಮಾರುವವಳು. ಇವರು ಎಂದಿನಂತೆ ಸ್ಪೀಕರಿಗೆ ಹಾಕಿದರು.

"ಸರ್, ನೀವು ವಿಡಿಯೊದಲ್ಲಿ ನಮ್ಮ ಮಾಲು ಎಡಗಡೆ ಸತ್ತಿದೆ ಅಂದ್ಮೇಲೆ ಅಂಗಡಿಯೋರು ಪೆಟ್ಟಿಗೆಗಟ್ಟಲೆ ವಾಪಸ್ ಕಳಿಸ್ತಿದ್ದಾರೆ. ಒಂದೊಂದನ್ನೂ ನಾನೇ ಕೇಳಿ ಕಳಿಸಿದ್ದು. ತಪ್ಪು ತಿಳ್ಕೋಬೇಡಿ, ನೀವು ಅದಲು ಬದಲು ಮಾಡಿ ನೋಡಿದ್ರಾ?"

ಇವರಿಗೆ ಸಿಟ್ಟು ನೆತ್ತಿಗೇರಿತು. "ಆ ಪಾಠ ಹೇಳ್ಕೊಟ್ಟಿದ್ದೇ ನಾನಮ್ಮ" ಎಂದು ಫೋನು ಕುಕ್ಕಿ, ನನ್ನನ್ನು ಆ ಕೋಣೆಗೆ ಕರೆದರು. "ಬಾ, ನಿನ್ನೆದುರಿಗೇ ಮಾಡ್ತೀನಿ. ನೀನೇ ಸಾಕ್ಷಿ."

ಆಕೆಯ ಇಯರ್‌ಫೋನ್ ಹಾಕಿಕೊಂಡರು. ಅದಲು ಬದಲು ಮಾಡಿದರು. ಮತ್ತೆ ಮಾಡಿದರು. ಅಂಗಿಯ ಚುಂಗಿನಿಂದ ಒರೆಸಿ ಇನ್ನೊಮ್ಮೆ ಹಾಕಿಕೊಂಡರು. ಆಮೇಲೆ ಡ್ರಾಯರು ಎಳೆದು, ತಾವು ಬೈದವನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದರು. ಕೊನೆಗೆ, ಹಿಂದೆ ಯಾವಾಗಲೋ ತಾವೇ ಹೊಗಳಿ ಅಟ್ಟಕ್ಕೇರಿಸಿದ್ದ ಹಳೆಯದೊಂದನ್ನೂ ಹಾಕಿಕೊಂಡರು. ಎಡಗಿವಿಯನ್ನು ಅಂಗೈಯಿಂದ ಮುಚ್ಚಿ ತೆಗೆದು, ಮುಚ್ಚಿ ತೆಗೆದು ಮಾಡುತ್ತ ಕೂತರು.

ಅದೇ ದಿನ ತಪ್ಪು ತಮ್ಮದೇ ಎಂದು ವಿಡಿಯೊ ಹಾಕಿ, ಆ ಹೆಂಗಸಿಗೆ ಫೋನು ಮಾಡಿದರು. "ಶೆಡ್ ನಿನ್ನೇನೇ ಬಿಟ್ಕೊಟ್ಟಾಯ್ತು ಸರ್" ಎಂದಳು ಆಕೆ. ಆಮೇಲೆ, "ಕಿವಿ ತೋರಿಸ್ಕೊಳ್ಳಿ" ಎಂದಳು. ಬೈದಿದ್ದರೆ ಇವರಿಗೆ ಹಗುರಾಗುತ್ತಿತ್ತೇನೋ.

ಕಿವಿಯ ಡಾಕ್ಟರಮ್ಮ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎಡಗಿವಿಯ ನರ ಸೋತಿದೆ, ಬಲಗಿವಿಯದೂ ಅದೇ ದಾರಿ ಹಿಡಿದಿದೆ, ಹೋದದ್ದು ಮರಳುವುದಿಲ್ಲ ಎಂದರು. ಒಂದು ಶ್ರವಣಯಂತ್ರವನ್ನು ಎಡಗಿವಿಗೆ ಕೂರಿಸಿ, ಬಲಗಿವಿಗೆ ಬಿರಡೆ ಹಾಕಿ ನನ್ನತ್ತ ತಿರುಗಿದರು. "ನೀವು ಏನಾದ್ರೂ ಮಾತಾಡಿ."

ಹಾಗೆ ಮಾತಾಡು ಎಂದರೆ ಯಾರಿಗೆ ತಾನೇ ಮಾತು ಬರುತ್ತದೆ? "ರೀ, ಗ್ಯಾಸ್ ಬುಕ್ ಮಾಡೋದು ಮರ್ತೇ ಹೋಗಿದೆ" ಎಂದೆ.

ಇವರು ಕಣ್ಣು ಮುಚ್ಚಿ ಕೇಳಿದರು. "ತಗಡಿನ ಡಬ್ಬೀಲಿ ಬಾಯಿಟ್ಟು ಮಾತಾಡಿದ ಹಾಗಿದೆ. ಮಂದ್ರ ಇಲ್ಲವೇ ಇಲ್ಲ. ಈ ಬೆಲೆಗೆ ಇದು ಮೋಸ. ಬೇರೆ ತೋರಿಸಿ."

ಡಾಕ್ಟರಮ್ಮ ಅದಕ್ಕಿಂತ ಮೇಲಿನದು ಹಾಕಿದರು. ನಾನು ಮತ್ತೆ ಗ್ಯಾಸಿನ ಮಾತನ್ನೇ ಆಡಿದೆ. ಇವರು ತಲೆಯಲ್ಲಾಡಿಸಿದರು.

"ಮೆಷಿನ್ ಚೆನ್ನಾಗೇ ಇದೆ ಸರ್" ಎಂದರು ಡಾಕ್ಟರಮ್ಮ ಮೆಲ್ಲಗೆ. "ನಿಮ್ಮ ಕಿವಿಗೆ ತಲುಪೋದೇ ಇಷ್ಟು. ರೂಢಿಯಾಗುತ್ತೆ."

ಇವರು ಯಂತ್ರ ಬಿಚ್ಚಿ, ಜೋಪಾನವಾಗಿ ಅದರ ಪೆಟ್ಟಿಗೆಯಲ್ಲಿಟ್ಟರು. "ಇವಳ ದನಿ ನಂಗೆ ಗೊತ್ತು ಡಾಕ್ಟ್ರೆ. ಇದಕ್ಕೆ ರೂಢಿಯಾದ್ರೆ ಅದು ಮರ್ತುಹೋಗುತ್ತೆ. ಬೇಡ."

ಎದ್ದು ನಡೆದೇಬಿಟ್ಟರು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ನೆನಪಿನ ದನಿಯನ್ನು ಕಾಪಾಡಿಕೊಳ್ಳಲು ಪಕ್ಕದಲ್ಲಿರುವವಳ ಬಾಯಿ ಮುಚ್ಚಿಸುವ ಗಂಡನನ್ನು ನಾನು ಎಲ್ಲೂ ಕಂಡಿಲ್ಲ. ರಸ್ತೆಗಿಳಿದು ಇವರ ಬಲಗಡೆಗೆ ಬಂದು ಕೇಳಿಯೇಬಿಟ್ಟೆ.

"ಹಾಗಾದ್ರೆ ಇನ್ಮೇಲೆ ನಾನು ಯಾರ ಹತ್ರ ಮಾತಾಡ್ಲಿ?"

ಬಸ್ಸೊಂದು ಹಾದುಹೋಯಿತು. ಇವರು ನನ್ನ ತುಟಿ ನೋಡಿದರು, ನಕ್ಕರು.

"ಹೂಂ, ಹಾಗೇ ಮಾಡೋಣ" ಎಂದು ನನ್ನ ಕೈ ಹಿಡಿದು ರಸ್ತೆ ದಾಟಿಸಿದರು.