ಸೇತುವೆಯಾಚೆ ಒಬ್ಬರು ಬೇಕು

ನಾನು ಕಸ ಗುಡಿಸುವ ಮೋಟೆಲ್ ನದಿಯ ಈಚೆ ದಡದಲ್ಲಿದೆ, ಪಕ್ಕದ ರಾಜ್ಯದಲ್ಲಿ. ನನ್ನ ತಂಗಿ ಆರ್ಲೀನ್ ಇರುವ ಸರ್ಕಾರಿ ಆರೈಕೆ ಕೇಂದ್ರ ಆಚೆ ದಡದಲ್ಲಿ, ನಮ್ಮ ಸ್ವಂತ ರಾಜ್ಯದಲ್ಲಿ. ಚಿಕ್ಕವಳಿದ್ದಾಗ ಜ್ವರ ಮೆದುಳಿಗೇರಿ ಅವಳ ಮಾತು ಹೋಯಿತು. ಅಮ್ಮ ತೀರಿಕೊಂಡ ಮೇಲೆ ನನ್ನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ಅವಳು ತಿನ್ನುವುದಿಲ್ಲ. ದಿನಾ ಮಧ್ಯಾಹ್ನ ಸೇತುವೆ ದಾಟಿ ಹೋಗಿ ಸೂಪು ಕುಡಿಸಿ ಬರುತ್ತೇನೆ.

ಆ ಬೇಸಿಗೆಯಲ್ಲಿ ನಮ್ಮ ರಾಜ್ಯಕ್ಕೆ ಬಜೆಟ್ಟೇ ಆಗಲಿಲ್ಲ. ಆರೈಕೆ ಕೇಂದ್ರಗಳ ಹಣ ಅರ್ಧಕ್ಕಿಳಿಸಬೇಕೆಂದು ಒಂದು ಪಕ್ಷ, ಒಂದು ಬಿಡಿಗಾಸನ್ನೂ ಇಳಿಸಬಾರದೆಂದು ಇನ್ನೊಂದು. ಮತಕ್ಕೆ ಹಾಕಿದರೆ ಸೋಲುತ್ತೇವೆಂದು ತಿಳಿದ ಈ ಎರಡನೆಯವರು, ಸದನ ನಡೆಸಲು ಬೇಕಾದಷ್ಟು ತಲೆಗಳು, ಅಂದರೆ ಕೋರಂ, ಆಗಬಾರದೆಂದು ಮೇಲ್ಮನೆ ಬಿಟ್ಟು ನಮ್ಮ ಮೋಟೆಲ್‌ಗೆ ಓಡಿಬಂದರು. ಅವರಪ್ಪಂದಿರ ಕಾಲದಿಂದಲೂ ನಡೆದುಬಂದ ಪದ್ಧತಿ ಅದು. ತಪ್ಪಿಸಿಕೊಂಡವರನ್ನು ಹಿಡಿದು ತರಲು ಸದನದಿಂದ ಆಳು ಬರುತ್ತಾನೆ, ಆದರೆ ಗಡಿ ದಾಟಿದವರನ್ನು ಮುಟ್ಟುವಂತಿಲ್ಲ. ಆ ಸಲ ಬಂದವನು ಡ್ವೇನ್, ನಮ್ಮ ಬೀದಿಯಲ್ಲೇ ಬೆಳೆದವನು. ಸೇತುವೆಯ ಆ ತುದಿಯಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಒಬ್ರು ಸಾಕು ವರ್ನಣ್ಣ," ಅಂದ ನನ್ನ ಗಾಡಿಯೊಳಗೆ ಇಣುಕಿ. "ಒಬ್ರು ಈಚೆ ಬಂದ್ರೆ ಕೋರಂ ಆಗತ್ತೆ. ಇಲ್ಲಾಂದ್ರೆ ಶುಕ್ರವಾರ ಬಸ್ಸು ಬರ್ತಾವೆ. ದುಡ್ಡಿಲ್ದೆ ಕೇಂದ್ರಕ್ಕೇ ಬೀಗ."

ಬಸ್ಸು ಅಂದರೇನೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಹೀಗೇ ಬಜೆಟ್ ನಿಂತಾಗ ಬೇರೊಂದು ಕೇಂದ್ರ ಮುಚ್ಚಿ ಅಲ್ಲಿದ್ದವರನ್ನೆಲ್ಲ ಉತ್ತರಕ್ಕೆ ಸಾಗಿಸಿದ್ದರು. ಪಕ್ಕದ ಮನೆ ಹ್ಯಾಟಿಯ ಮಗ ಅವರಲ್ಲೊಬ್ಬ. ಹೊಸ ಜಾಗದಲ್ಲಿ ಅವನು ಊಟಕ್ಕೆ ಬಾಯಿಯನ್ನೇ ತೆರೆಯಲಿಲ್ಲವಂತೆ. ಎಲೆ ಉದುರುವ ಮೊದಲೇ ಶವಪೆಟ್ಟಿಗೆಯಲ್ಲಿ ಬಂದ.

ಗುರುವಾರ ಬೆಳಿಗ್ಗೆ ತಿಂಡಿ ಕೋಣೆ ಒರೆಸುತ್ತಿದ್ದೆ. ಓಡಿಬಂದವರಲ್ಲಿ ಒಬ್ಬರಾದ ಶಾಸಕಿ ಲೊರೆಟಾ ಹಾಕ್ಸ್ ತಟ್ಟೆ ಮುಟ್ಟದೆ ಕೂತಿದ್ದರು. ಅವರ ಪಕ್ಷದ ದಪ್ಪ ಮನುಷ್ಯ ಬ್ಯೂಫರ್ಡ್ ಬೆಣ್ಣೆ ಬಳಿಯುತ್ತಾ, "ಏನಮ್ಮಾ, ಮನೆ ನೆನಪಾಯ್ತಾ? ಹೋಗೋರಿಗೆ ಸೇತುವೆ ಅಲ್ಲೇ ಇದೆ. ವಾಪಸ್ ಬರೋಕೆ ಮಾತ್ರ ಪಕ್ಷ ಇರಲ್ಲ," ಎಂದು ನಕ್ಕ.

ಅವನು ಎದ್ದು ಹೋದ ಮೇಲೆ ಮೇಡಂ ನನ್ನ ಕಡೆ ತಿರುಗಿದರು. "ನಿಮ್ಮ ತಂಗಿ ಅಲ್ಲಿದಾಳಂತೆ. ನಾವು ಇಲ್ಲಿ ಕೂತಿರೋದು ಅವಳಂಥೋರಿಗೋಸ್ಕರಾನೇ, ಯಜಮಾನ್ರೇ."

"ಅದು ಅವಳಿಗೆ ಗೊತ್ತಾಗಲ್ಲ ಮೇಡಂ. ಅವಳಿಗೆ ಸೂಪು ಗೊತ್ತಾಗತ್ತೆ, ಅಷ್ಟೆ."

ಮಧ್ಯಾಹ್ನ ಗಾಡಿ ಹತ್ತಲು ಹೋದಾಗ ಪಕ್ಕದ ಸೀಟಿನಲ್ಲಿ ಮೇಡಂ ಕೂತಿದ್ದರು.

"ಆ ತುದೀಲಿ ಡ್ವೇನ್ ನಿಂತಿದಾನೆ ಮೇಡಂ."

"ಗೊತ್ತು. ನಡೀರಿ. ಸೇತುವೆ ನಡುವೆ, ಗಡಿ ಗುರುತಿನ ಹತ್ರ ನಿಲ್ಸಿ."

ನಿಲ್ಲಿಸಿದೆ. ಕೆಳಗೆ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಅವರು ಸದನ ನಡೆಸುವ ಎದುರು ಪಕ್ಷದ ನಾಯಕನಿಗೆ ಫೋನು ಮಾಡಿದರು. "ಅರ್ಧ ಆಗಲ್ಲ, ಅರ್ಧ ಅಂದ್ರೆ ನಾನು ಇಲ್ಲಿಂದಾನೇ ವಾಪಸ್. ಇಲ್ಲ... ಮೂರನೇ ಒಂದು ಭಾಗಾನಾ? ಅದೂ ಜಾಸ್ತಿ ಆಯ್ತಪ್ಪ..." ಹಿಂದಿನ ಲಾರಿಯವನು ಹಾರ್ನ್ ಒತ್ತಿ ಬೈದುಕೊಂಡು ಪಕ್ಕದಿಂದ ಹೋದ. ಡ್ವೇನ್ ಕಾರು ಬಿಟ್ಟು ರಸ್ತೆಗೆ ಬಂದು ನಿಂತ.

ಫೋನು ಇಳಿಸಿ ಮೇಡಂ ಹೇಳಿದರು: "ಮೂರನೇ ಒಂದು ಭಾಗ ಕಡಿತ. ಅದಕ್ಕಿಂತ ಇಳಿಯಲ್ವಂತೆ. ಕೇಂದ್ರದ ಮೂರು ವಾರ್ಡಲ್ಲಿ ಎರಡು ಉಳಿಯತ್ತೆ."

"ಯಾವೆರಡು?"

"ಅದು ಹೇಳಲಿಲ್ಲ." ನನ್ನ ಮುಖ ನೋಡಿದರು. "ನಾನು ಬೇಕಾದಷ್ಟು ಜನರ ಹತ್ರ ಕೇಳಿ ಸಾಕಾಗಿದೆ. ನೀವು ಹೇಳಿ. ಹೋಗೋದಾ, ತಿರುಗೋದಾ?"

ತಿರುಗಿದರೆ ಮೂರೂ ಹೋಗುತ್ತವೆ. ಹೋದರೆ ಒಂದು ಹೋಗುತ್ತದೆ, ಆ ಒಂದು ಆರ್ಲೀನಳದೇ ಆಗಬಹುದು. ಕಲಿತವರಿಗೆ ತಿಂಗಳುಗಟ್ಟಲೆ ಆಗದೆ ಹೋದ ತೀರ್ಮಾನ, ಈಗ ನನ್ನ ಹಳೆಯ ಗಾಡಿಯೊಳಗೆ ಬಂದು ಕೂತಿತ್ತು.

"ಹೋಗೋಣ ಮೇಡಂ," ಅಂದೆ. ಗೇರ್ ಹಾಕಿ ಆ ತುದಿಗೆ ನಡೆಸಿದೆ.

ಡ್ವೇನ್ ಟೋಪಿ ತೆಗೆದು ಬಾಗಿಲು ತೆರೆದ. ಅವರು ಇಳಿದು ಹೋದರು. ಅಂದು ಸಂಜೆಯೊಳಗೆ ಬಜೆಟ್ ಪಾಸಾಯಿತು.

ಶುಕ್ರವಾರ ಹೋದಾಗ ಗೇಟಿನಲ್ಲಿ ಬಸ್ಸು ನಿಂತಿತ್ತು. ನೇರ ಅವಳ ವಾರ್ಡಿಗೆ ನಡೆದೆ. ಆರ್ಲೀನ್ ತನ್ನ ಮಂಚದ ಮೇಲೇ ಇದ್ದಳು. ಮುಚ್ಚಿದ್ದು ಗಂಡಸರ ವಾರ್ಡು.

ಪಕ್ಕದಲ್ಲಿ ಕೂತು ಸೂಪು ಕುಡಿಸಿದೆ. ಕಿಟಕಿಯಾಚೆ ಆ ವಾರ್ಡಿನವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಬಸ್ಸಿಗೆ ಏರಿಸುತ್ತಿದ್ದರು. ನರೆತ ಕೂದಲಿನ ಒಬ್ಬ ಬಸ್ಸಿನ ಬಾಗಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೊಲ್ಲದೆ, ಮಾತಿಲ್ಲದ ದನಿಯಲ್ಲಿ ಕೂಗುತ್ತಿದ್ದ. ಅವನಿಗೆ ದಿನಾ ಯಾರು ಉಣಿಸುತ್ತಿದ್ದರೋ ನನಗೆ ಗೊತ್ತಿರಲಿಲ್ಲ.

"ಈ ವಾರ್ಡಿಗೆ ಭಯ ಇಲ್ಲ ಬಿಡಿ," ಅಂದಳು ನರ್ಸು. "ಮುಂದಿನ ಬಜೆಟ್ ತನಕ."

ನನ್ನ ಚಮಚದಿಂದ ಸೂಪು ಆರ್ಲೀನಳ ಗಲ್ಲಕ್ಕೆ ಚೆಲ್ಲಿತು. ಒರೆಸಿದೆ. ಅವಳು ಮತ್ತೆ ಬಾಯಿ ತೆರೆದಳು.