ಬಿಚ್ಚದ ಗೊಂಬೆಯ ತಕರಾರು

ನಮ್ಮ ಕಾರ್ಲೊವತ್ಸ್ ಊರಿನ ಯಾವ ಮನೆಗೆ ಬೇಕಾದರೂ ಹೋಗಿ, ಗೋಡೆಗೆ ಆತುಕೊಂಡ ದೊಡ್ಡ ಕಪಾಟಿನ ಮೇಲೆ ಕಣ್ಣಾಡಿಸಿ. ಅಲ್ಲೊಂದು ಹಳೆಯ ಪೆಟ್ಟಿಗೆ ಕೂತಿರುತ್ತದೆ. ಒಳಗೆ ಗೊಂಬೆಯೋ, ಆಟದ ಕಾರೋ, ಟೀ ಸೆಟ್ಟೋ. ಯುಗೊಸ್ಲಾವಿಯಾ ಇದ್ದ ಕಾಲದಲ್ಲಿ ಬಸ್ಸು ಹತ್ತಿ, ಗಡಿ ದಾಟಿ, ಇಟಲಿಯ ತ್ರಿಯೆಸ್ತೆಯಿಂದ ತಂದದ್ದು. ಮಕ್ಕಳಿಗೆಂದೇ ತಂದದ್ದು, ಆದರೆ ಮಕ್ಕಳು ಮುಟ್ಟುವಂತಿರಲಿಲ್ಲ. ಬಂದ ನೆಂಟರು ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದು ಮೇಲೆ ಇಡುತ್ತಿದ್ದರು. ಈಗ ಅಂಥ ಬಿಚ್ಚದ ಪೆಟ್ಟಿಗೆಗಳನ್ನು ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಹಾಗಾಗಿ ಎಲ್ಲರೂ ಏಣಿ ಹಾಕಿ ಇಳಿಸುತ್ತಿದ್ದಾರೆ, ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಇಡುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯ ಜೊತೆಗೆ ಜಗಳವೂ ಕೆಳಗಿಳಿಯುತ್ತಿದೆ.

ನನ್ನ ಹೆಸರು ಯಾಗೊಡಾ. ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಗಾಜಿನ ಪಾತ್ರೆ ಮಾರುತ್ತೇನೆ, ಉಳಿದ ದಿನ ಫೋನಿನಲ್ಲಿ ಮಾರುತ್ತೇನೆ. ಇದು ನಮ್ಮ ಕೆಳಗಿನ ಮನೆಯ ದುಬ್ರಾವ್ಕಾಳ ಕಥೆ. ಅವಳನ್ನೂ ಅವಳ ತಾಯಿಯನ್ನೂ ಕೇಳಿಯೇ ಹೇಳುತ್ತಿದ್ದೇನೆ. ಇಬ್ಬರೂ "ಹೇಳು" ಎಂದರು. ಆ ತಾಯಿಯಂತೂ "ಹೆಸರು ಬದಲಾಯಿಸಬೇಡ" ಎಂದೂ ಸೇರಿಸಿದರು.

ಚಳಿಗಾಲಕ್ಕೆ ಕೆಂಪು ದೊಣ್ಣೆ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಅರೆದು ಬಾಟಲಿ ತುಂಬುವ ಕಾಲ ಅದು. ನಾವು ಮೂವರು ಅವಳ ಅಡುಗೆಮನೆಯಲ್ಲಿ ಕೂತು ಸಿಪ್ಪೆ ಸುಲಿಯುತ್ತಿದ್ದೆವು. ನಾನು, ದುಬ್ರಾವ್ಕಾ, ಅವಳ ತಾಯಿ ನೆವೆಂಕಾ ಟೀಚರ್. ಈ ಓಣಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಅವರು. ನನಗೂ ಅವರೇ ಕಲಿಸಿದ್ದು, ಇವತ್ತಿಗೂ ಅವರ ಎದುರು ನಾನು ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರುತ್ತೇನೆ.

ದುಬ್ರಾವ್ಕಾಳ ಫೋನು ಸದ್ದು ಮಾಡಿತು. ಅವಳು ಕೈ ಒರೆಸಿಕೊಂಡು ನೋಡಿದಳು. ಮುಖ ಮೆಣಸಿನಕಾಯಿಗಿಂತ ಕೆಂಪಾಯಿತು.

"ನೋಡೇ ಯಾಗೊಡಾ, ಈ ಆಸಾಮಿದು ಇನ್ನೂ ಮುಗಿದಿಲ್ಲ! ಅಮ್ಮನ ಗೊಂಬೆ ನಾನು ಮಾರಿದ್ನಲ್ಲ, ಓಸಿಯೆಕ್‌ನವನು ಒಬ್ಬ ತಗೊಂಡ. ಈಗ ಕ್ಯಾತೆ ತೆಗೀತಾ ಇದ್ದಾನೆ."

ನಾನು ಓದಿದೆ. ಎರಡು ದಿನದ ಹಿಂದೆ ಬರೆದದ್ದನ್ನೇ ಆತ ಮತ್ತೆ ಕಳಿಸಿದ್ದ: "ದುಬ್ರಾವ್ಕಾ ಅವರೇ, ಗೊಂಬೆ ತಲುಪಿತು. ನಾನು ಬಿಚ್ಚಿಲ್ಲ. ಆದರೆ ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆಯ ತಳದ ಅಂಚನ್ನು ಯಾರೋ ಮತ್ತೆ ಅಂಟಿಸಿದ್ದಾರೆ. ಉಗುರುಬಣ್ಣದಲ್ಲಿ ಅಂಟಿಸಿದ ಹಾಗೆ ಕಾಣುತ್ತದೆ. ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಎನ್ನುತ್ತದೆ. ಕಾರ್ಖಾನೆಯಲ್ಲಿ ಮುಚ್ಚಿದ ಹಾಗೇ ಇದೆ ಎಂದು ನೀವು ಬರೆದಿದ್ದಿರಿ. ದಯವಿಟ್ಟು ವಾಪಸ್ ತೆಗೆದುಕೊಳ್ಳುವಿರಾ?"

"ಇದರಲ್ಲಿ ಕ್ಯಾತೆ ಎಲ್ಲಿದೆ? ಮರ್ಯಾದೆಯಾಗೇ ಕೇಳಿದ್ದಾನಲ್ಲ," ಎಂದೆ.

"ಮರ್ಯಾದೆನಾ? ಉಗುರುಬಣ್ಣ ಅಂತೆ! ನಮ್ಮಮ್ಮನ ಮನೇಲಿ ಉಗುರುಬಣ್ಣ! ಬಣ್ಣ ಹಚ್ಕೊಂಡು ಬಂದವರನ್ನ ಕ್ಲಾಸಿಂದ ಆಚೆ ಕಳಿಸ್ತಿದ್ದವರು ಇವರು."

"ಗೊತ್ತು ಕಣೇ. ಆಚೆ ನಿಂತವಳು ನಾನೇ."

ಟೀಚರ್ ನಗಲಿಲ್ಲ. ಉಪ್ಪು ತರುತ್ತೇನೆಂದು ಎದ್ದು ಒಳಗೆ ಹೋದರು. ಉಪ್ಪು ಮೇಜಿನ ಮೇಲೇ ಇತ್ತು. ವಯಸ್ಸಾಯಿತಲ್ಲ ಎಂದುಕೊಂಡೆ.

"ತಳದ ಫೋಟೋ ತೆಗೆದಿದ್ದೀಯಾ?" ಎಂದು ಕೇಳಿದೆ.

"ತಳದ ಫೋಟೋ ಯಾರು ತೆಗೀತಾರೆ? ಮುಖ ಮುದ್ದಾಗಿತ್ತು, ಮುಖದ್ದು ತೆಗೆದೆ."

"ಹುಡುಗಿ ತೋರಿಸೋಕೆ ಕಳಿಸಿದ ಫೋಟೋ ಆಯ್ತಲ್ಲೇ ಅದು! ಇಂಥ ಸಾಮಾನು ಮಾರುವಾಗ ಮುಖಕ್ಕಿಂತ ಅಂಚು ಮುಖ್ಯ ಮಾರಾಯ್ತಿ. ಆರೂ ಕಡೆಯಿಂದ, ಹಗಲು ಬೆಳಕಲ್ಲಿ, ಅಂಟು ಕಾಣೋ ಹಾಗೆ ತೆಗೀಬೇಕು. ಸರಿ, ಕಾರ್ಖಾನೆಯಲ್ಲಿ ಮುಚ್ಚಿದ್ದು ಅಂತ ನಿನಗೆ ಹೇಗೆ ಗೊತ್ತು?"

"ನನಗೆ ಐದು ವರ್ಷ ಆಗಿದ್ದಾಗ ಅಮ್ಮ ತಂದಿದ್ದು. ಅವತ್ತಿಂದ ಮೇಲೇ ಇತ್ತು. ಅತ್ತು ಕರೆದ್ರೂ ನನ್ನ ಕೈಗೇ ಕೊಡ್ಲಿಲ್ಲ. ಇನ್ಯಾರು ಬಿಚ್ತಾರೆ ಅದನ್ನ?"

"ಅಂದ್ರೆ ನಿನಗೆ ಗೊತ್ತಿಲ್ಲ. ನೀನು ಹಾಗೆ ಅಂದ್ಕೊಂಡಿದ್ದೀಯ. 'ನಮ್ಮ ಮನೇಲಿ ಇಷ್ಟು ವರ್ಷ ಇತ್ತು, ನಾನು ಬಿಚ್ಚಿಲ್ಲ' ಅಂತ ಬರೀಬೇಕಿತ್ತು. ಹೋಗ್ಲಿ, ಈಗ ಏನು ಉತ್ತರ ಕೊಟ್ಟೆ?"

ಅವಳು ಫೋನು ನನ್ನ ಕೈಗೆ ಕೊಡಲು ಸ್ವಲ್ಪ ಹಿಂದೆಮುಂದೆ ನೋಡಿದಳು. ಆಮೇಲೆ ಕೊಟ್ಟಳು. ಇಂಟರ್ನೆಟ್ಟಿನಲ್ಲಿ ಹಳೇ ಆಟಿಕೆ ಸಂಗ್ರಹಿಸುವವರ ದೊಡ್ಡ ಗುಂಪೊಂದಿದೆ, ದೇಶದ ಎಲ್ಲ ಕಡೆಯವರೂ ಅದರಲ್ಲಿದ್ದಾರೆ. ಅಲ್ಲಿ ಆತನ ಹೆಸರು, ಊರು, ಫೋಟೋ ಹಾಕಿ ಬರೆದಿದ್ದಳು: "ಎಚ್ಚರ! ಈ ತಿಹೊಮಿರ್ ಕಳ್ಳ. ಹೊಸ ಗೊಂಬೆ ಇಟ್ಕೊಂಡು ಹಳೇದನ್ನ ವಾಪಸ್ ಕೊಡೋ ಚಾಳಿ ಇವನದ್ದು."

ಕೆಳಗೆ ಜನ ಸಾಲುಗಟ್ಟಿ ಉಗಿದಿದ್ದರು. ಮುಖ ನೋಡಿದರೇ ಗೊತ್ತಾಗುತ್ತದೆ ಎಂದು ಒಬ್ಬಳು, ಪೊಲೀಸಿಗೆ ಕೊಡಿ ಎಂದು ಇನ್ನೊಬ್ಬ. ಅವರ ನಡುವೆ ಒಬ್ಬಾಕೆ ಬರೆದಿದ್ದಳು: "ಅಯ್ಯೋ, ನಮ್ಮಜ್ಜಿಯ ಗೊಂಬೆ ರಿಪೇರಿಗೆ ಇವನ ಹತ್ರಾನೇ ಇದೆ!"

ಆಗ ತಿಳಿಯಿತು. ತಿಹೊಮಿರ್ ಗೊಂಬೆ ರಿಪೇರಿ ಮಾಡಿ ಬದುಕುವ ಮನುಷ್ಯ. ಜನ ನಂಬಿ ಅಂಚೆಯಲ್ಲಿ ತಮ್ಮ ಗೊಂಬೆ ಕಳಿಸಿದರೆ ಅವನಿಗೆ ಅನ್ನ.

"ದುಬ್ರಾವ್ಕಾ, ಇದನ್ನ ಮೊದಲು ತೆಗಿ. ತಕರಾರು ಬಂದ್ರೆ ಮಾರಿದ ಆ ವೆಬ್‌ಸೈಟಿನಲ್ಲೇ ಮಾತಾಡ್ಬೇಕು. ಅಲ್ಲಿ ಪ್ರತಿ ಮಾತೂ ದಾಖಲಾಗುತ್ತೆ. ಫೋಟೋ ಕಳಿಸಿ ಅಂತ ಕೇಳು. ನಿಜವಾಗಿ ಮೋಸ ಮಾಡಿದ್ರೆ ಸೈಟಿನವರಿಗೆ ದೂರು ಕೊಡು. ಸಂತೇಲಿ ನಿಂತು ಕೂಗೋದಲ್ಲ ಇದು."

"ಈಗ ತಗ್ಗಿದ್ರೆ ನಾನೇ ತಪ್ಪು ಅಂತ ಒಪ್ಕೊಂಡ ಹಾಗೆ. ತೆಗೆಯೋಲ್ಲ."

ಒಳಗಿನಿಂದ ಟೀಚರ್ ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇದ್ದರು.

ಆಮೇಲೆ ತಿಹೊಮಿರ್ ಆ ಗುಂಪಿನಲ್ಲಿ ಜಗಳ ಆಡಲಿಲ್ಲ. ಸೈಟಿನಲ್ಲೇ ಎರಡು ಸಾಲು ಬರೆದ. "ಪೆಟ್ಟಿಗೆ ಇನ್ನೂ ಮುಚ್ಚಿಯೇ ಇದೆ. ನೀವು ಒಪ್ಪಿದರೆ ವೀಡಿಯೋದಲ್ಲಿ ನಿಮ್ಮ ಕಣ್ಣೆದುರೇ ಬಿಚ್ಚುತ್ತೇನೆ."

"ಬಿಚ್ಚಲಿ! ಎಲ್ಲರೆದುರು ಸಿಕ್ಕಿಹಾಕಿಸ್ತೀನಿ," ಎಂದು ದುಬ್ರಾವ್ಕಾ ಕುಣಿದಳು. ಬಿಚ್ಚಲು ಒಪ್ಪಿಗೆ ಇದೆ ಎಂದು ಸೈಟಿನಲ್ಲಿ ಬರೆಸಿದ್ದು ನಾನು. ಬಿಚ್ಚಿದ ಮೇಲೆ ವಾಪಸ್ ಕಳಿಸಬಹುದು ಎಂದೂ ಬರೆಸಿದೆ. ಇಲ್ಲದಿದ್ದರೆ ಆಮೇಲೆ ಅದಕ್ಕೊಂದು ಹೊಸ ಜಗಳ.

ಶನಿವಾರ ಮಧ್ಯಾಹ್ನ ಮೂವರೂ ಫೋನಿನ ಮುಂದೆ ಕೂತೆವು. ಅದರಲ್ಲಿ ಕಂಡ ತಿಹೊಮಿರ್ ದಪ್ಪ ಕನ್ನಡಕದ, ಬಡಕಲು ಮುದುಕ. ಹಿಂದಿನ ಕಪಾಟಿನಲ್ಲಿ ತೋಳಿಲ್ಲದ, ಕೂದಲಿಲ್ಲದ ಗೊಂಬೆಗಳು. ನಮಸ್ಕಾರ ಹೇಳಿ ಪೆಟ್ಟಿಗೆಯನ್ನು ಎಲ್ಲ ಮಗ್ಗುಲಿಗೂ ತಿರುಗಿಸಿ ತೋರಿಸಿದ. ತಳದ ಅಂಚಿನಲ್ಲಿ ಹಳದಿಗಟ್ಟಿದ ಗೆರೆಯೊಂದು ಮಿರುಗುತ್ತಿತ್ತು. ಕತ್ತರಿಯಿಂದ ಮೆಲ್ಲಗೆ ಕತ್ತರಿಸಿದ. ಗೊಂಬೆಯನ್ನು ಮಗುವಿನಂತೆ ಎತ್ತಿ ಪಕ್ಕಕ್ಕೆ ಮಲಗಿಸಿದ. ಅದರ ಕೆಳಗಿನ ರಟ್ಟು ಎತ್ತಿದಾಗ ಕಂದು ಬಣ್ಣದ ನಾಲ್ಕಾರು ಬೀಜ ಮೇಜಿನ ಮೇಲೆ ಉದುರಿದವು.

ಆತ ಒಂದನ್ನು ಮೂಸಿ ನೋಡಿ ನಕ್ಕುಬಿಟ್ಟ. "ಅಯ್ಯೋ ದೇವರೇ, ಕಾಫಿ! ಗಡಿ ದಾಟಿಸಿದ ಕಾಫಿ! ನಮ್ಮಮ್ಮ ನನ್ನ ಬೂಟಿನೊಳಗೆ ತುಂಬಿ ತರ್ತಿದ್ರು."

"ನೀನೇ ಹಾಕಿದ್ದೀಯ! ನಾಟಕ ಆಡ್ತೀಯಾ?" ದುಬ್ರಾವ್ಕಾ ಕಿರುಚಿದಳು.

"ಸಾಕು ದುಬ್ರಾವ್ಕಾ." ಟೀಚರ್ ಧ್ವನಿ ಏರಿಸಲಿಲ್ಲ. ತರಗತಿಯಲ್ಲೂ ಏರಿಸಿದವರಲ್ಲ. "ಅದನ್ನ ಹಾಕಿದ್ದು ನಾನು."

ದುಬ್ರಾವ್ಕಾ ತಾಯಿಯ ಕಡೆ ತಿರುಗಿದಳು. ಟೀಚರ್ ಅವಳನ್ನು ನೋಡಲಿಲ್ಲ, ಫೋನಿನಲ್ಲಿದ್ದ ಮುದುಕನನ್ನು ನೋಡಿ ಮಾತಾಡಿದರು.

"ಆಗ ಇಲ್ಲಿ ಅಂಗಡೀಲಿ ಕಾಫಿ ಸಿಗ್ತಿರಲಿಲ್ಲ. ಗಡೀಲಿ ಸುಂಕದವರು ಚೀಲ ಎಲ್ಲ ಬಿಚ್ಚಿಸ್ತಿದ್ರು. ಮುಚ್ಚಿದ ಗೊಂಬೆ ಪೆಟ್ಟಿಗೆ ಮಾತ್ರ ಬಿಚ್ಚಿಸ್ತಿರಲಿಲ್ಲ. ಬಸ್ಸಲ್ಲೇ ಕೂತು ಬಿಚ್ಚಿ ಕಾಫಿ ತುಂಬಿದೆ. ಪಕ್ಕದ ಸೀಟಿನವಳ ಹತ್ರ ಉಗುರುಬಣ್ಣದ ಶೀಶೆ ಇಸ್ಕೊಂಡು ಅಂಟಿಸಿದೆ. ಮನೆಗೆ ಬಂದು ಕಾಫಿ ತೆಗೆದು, ಹೊಸದಾಗಿ ಕಾಣಲಿ ಅಂತ ಅವಳು ಕೊಟ್ಟ ಅದೇ ಶೀಶೆಯಿಂದ ಮತ್ತೆ ಅಂಟಿಸಿ ಮೇಲಿಟ್ಟೆ."

"ಅಮ್ಮ, ನಿಂಗೆ ಮೊದಲೇ ಗೊತ್ತಿತ್ತಾ?"

"ಅವರು ಉಗುರುಬಣ್ಣ ಅಂದ ಕೂಡ್ಲೇ ಗೊತ್ತಾಯ್ತು." ಟೀಚರ್ ಮತ್ತೆ ಫೋನಿನ ಕಡೆ ತಿರುಗಿದರು. "ಸುಳ್ಳು ಹೇಳಬೇಡಿ ಅಂತ ಟೀಚರಾಗಿ ಊರ ಮಕ್ಕಳಿಗೆಲ್ಲ ಹೇಳ್ಕೊಂಡು ಬಂದವಳು ನಾನು. ಬಾಯಿ ಬಿಡೋಕೆ ನಾಚಿಕೆ ಆಯ್ತು. ನನ್ನ ಮಾನ ಉಳಿಸ್ಕೊಳ್ಳೋಕೆ ನಿಮ್ಮನ್ನ ಕಳ್ಳ ಅಂತ ಅನ್ನಿಸಿಬಿಟ್ಟೆ. ಸುಮ್ಮನೆ ಕೂತು ಮೆಣಸಿನಕಾಯಿ ಸುಲಿದೆ. ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸಿತು ನನಗೆ. ದುಬ್ರಾವ್ಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ತಿಹೊಮಿರ್ ಸ್ವಲ್ಪ ಹೊತ್ತು ಕನ್ನಡಕ ಒರೆಸಿದ. "ಕಾಫಿ ತಂದದ್ದು ಬಿಡಿ ಟೀಚರ್, ಆಗ ತರದವರು ಯಾರಿದ್ರು? ಗೊಂಬೆದೂ ದೊಡ್ಡ ವಿಷಯ ಅಲ್ಲ. ಆದ್ರೆ ನಿನ್ನೆ ಒಬ್ಬ ಹೆಂಗಸು ಅಣ್ಣನ್ನ ಕರ್ಕೊಂಡು ಬಂದು, ರಿಪೇರಿಗೆ ಕೊಟ್ಟ ಗೊಂಬೆ ವಾಪಸ್ ತಗೊಂಡು ಹೋದಳು. ಹೋಗೋ ಮುಂಚೆ ಗೊಂಬೆ ಅಂಗಿಯ ಗುಂಡಿ ಎಣಿಸಿದಳು. ನನ್ನೆದುರಿಗೇ ಎಣಿಸಿದಳು. ಅದು ಮಾತ್ರ ನನಗೆ ತಡ್ಕೊಳ್ಳೋಕೆ ಆಗಲಿಲ್ಲ."

ದುಬ್ರಾವ್ಕಾ ಅಳುತ್ತಲೇ ಹೇಳಿದಳು: "ಈಗಲೇ ಅಳಿಸಿಬಿಡ್ತೀನಿ ಸರ್. ದುಡ್ಡೂ ವಾಪಸ್ ಕೊಡ್ತೀನಿ. ಗೊಂಬೆ ನೀವೇ ಇಟ್ಕೊಳ್ಳಿ."

"ಬೇಡಮ್ಮ. ಕಳಿಸಿಬಿಡ್ತೀನಿ. ಕಣ್ಣಿಗೆ ಬಿದ್ದಾಗೆಲ್ಲ ಇದೇ ನೆನಪಾಗುತ್ತೆ," ಎಂದು ಆತ ಫೋನಿಟ್ಟ.

ದುಬ್ರಾವ್ಕಾ ಅಳಿಸಲು ಹೊರಟಳು. ನಾನು ತಡೆದೆ. "ಅಳಿಸು, ಆದ್ರೆ ಅಷ್ಟಕ್ಕೇ ಮುಗಿಯಲ್ಲ. ಓದಿದವರ ತಲೆಯಿಂದ ಅಳಿಸೋರು ಯಾರು? ಎಲ್ಲಿ ಬೈದೆಯೋ ಅಲ್ಲೇ, ಅಷ್ಟೇ ದೊಡ್ಡದಾಗಿ ತಪ್ಪಾಯ್ತು ಅಂತ ಬರಿ. ದುಡ್ಡನ್ನೂ ಸೈಟಿನ ಮೂಲಕವೇ ವಾಪಸ್ ಮಾಡು, ಆಗ ತಕರಾರು ಸರಿಯಾಗಿ ಮುಗಿದಿದೆ ಅಂತ ಇಬ್ಬರಿಗೂ ಪುರಾವೆ ಇರುತ್ತೆ."

"ಗೊಂಬೆ ವಿಷಯದಲ್ಲಿ ನಾನು ತಪ್ಪು ತಿಳ್ಕೊಂಡೆ ಅಂತ ಬರೀತೀನಿ. ಸಾಕಲ್ವಾ?"

"ಸಾಲದು," ಎಂದರು ಟೀಚರ್. "ನಾನು ಹೇಳ್ತೀನಿ, ನೀನು ಬರ್ಕೋ."

"ಅಮ್ಮ, ಊರೆಲ್ಲ ನಗುತ್ತೆ ನಿನ್ನ ನೋಡಿ."

"ನಗಲಿ. ಅವರನ್ನ ನೋಡಿ ಈಗಾಗ್ಲೇ ಉಗಿದಿದ್ದಾರಲ್ಲ."

ಉಕ್ತಲೇಖನ ಹೇಳಿಸುವಂತೆಯೇ ಹೇಳಿಸಿದರು, ಪದ ಬಿಡಿಸಿ ಬಿಡಿಸಿ, ಚುಕ್ಕೆ ಎಲ್ಲಿ ಬರಬೇಕೆಂದೂ ಸೇರಿಸಿ. ನನ್ನ ಹೆಸರು ನೆವೆಂಕಾ. ನಾನು ಶಾಲಾ ಶಿಕ್ಷಕಿಯಾಗಿದ್ದೆ. ಆ ಪೆಟ್ಟಿಗೆಯನ್ನು ಬಿಚ್ಚಿ ಕಾಫಿ ಬಚ್ಚಿಟ್ಟು ಅಂಟಿಸಿದವಳು ನಾನು. ಗೊತ್ತಿದ್ದೂ ಸುಮ್ಮನಿದ್ದೆ. ತಿಹೊಮಿರ್ ಅವರು ಹೇಳಿದ ಪ್ರತಿಯೊಂದು ಮಾತೂ ನಿಜ. ನಮ್ಮ ಮನೆಯವರು ಬರೆದದ್ದು ಸುಳ್ಳು. ಐವತ್ತರ ಹತ್ತಿರದ ಮಗಳು ಮೂಗು ಒರೆಸಿಕೊಳ್ಳುತ್ತಾ, ಒಂದನೇ ತರಗತಿಯವಳಂತೆ ಬರೆದುಕೊಂಡಳು. ಹಳೆಯದನ್ನು ಅಳಿಸಿ, ಇದನ್ನು ಹಾಗೆಯೇ ಗುಂಪಿನಲ್ಲಿ ಹಾಕಿದಳು.

ಕೆಲವರು ನಕ್ಕರು. ಕೆಲವರು ತಾವು ಯಾವುದರಲ್ಲಿ ಏನು ಬಚ್ಚಿಟ್ಟು ತಂದೆವೆಂದು ಬರೆದರು. ಆದರೆ ಕಳ್ಳ ಎಂದು ಬರೆದದ್ದನ್ನು ಓದಿದವರಲ್ಲಿ ಅರ್ಧ ಜನವೂ ತಪ್ಪೊಪ್ಪಿಗೆ ಓದಲಿಲ್ಲ. ಗೊಂಬೆ ವಾಪಸ್ ಬಂತು. ಅದನ್ನು ಬಿಚ್ಚುವಾಗಲೂ ದುಬ್ರಾವ್ಕಾ ವೀಡಿಯೋ ಮಾಡಿದಳು, ಸೈಟಿನ ಮೂಲಕವೇ ಹಣ ಹಿಂತಿರುಗಿಸಿದಳು. ಆಮೇಲೆ ಆರೂ ಕಡೆಯ ಫೋಟೋ ಹಾಕಿ, ಬಿಚ್ಚಿದ್ದು, ಅಂಟಿಸಿದ್ದು, ಕಾಫಿಯ ಕಲೆ ಎಲ್ಲ ಬರೆದು ಮತ್ತೆ ಮಾರಾಟಕ್ಕಿಟ್ಟಳು. ಮೊದಲಿಗಿಂತ ಅಗ್ಗಕ್ಕೆ ಹೋಯಿತು. ತಕರಾರು ಮಾತ್ರ ಬರಲಿಲ್ಲ.

ಓದುವ ನೀವೂ ನಾಳೆ ಏಣಿ ಹಾಕುವವರೇ. ಬಿಚ್ಚದ ಹಳೆಯ ಸಾಮಾನು ಮಾರುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಬೈಯದೆ ಕೇಳಿ. ಕಂಡದ್ದನ್ನು ಮಾತ್ರ ಬರೆಯಿರಿ, ಅಂದುಕೊಂಡದ್ದನ್ನು ಬರೆಯಬೇಡಿ. ಪ್ಯಾಕ್ ಮಾಡುವಾಗ ವೀಡಿಯೋ ಮಾಡಿ ಇಟ್ಟುಕೊಳ್ಳಿ. ಕೊಂಡವನು ಮೋಸಗಾರನೇ ಆದರೆ ನಿಮ್ಮನ್ನು ಕಾಯುವುದು ಆ ಫೋಟೋ ಮತ್ತು ವೀಡಿಯೋ, ನಿಮ್ಮ ಬೈಗುಳ ಅಲ್ಲ. ತಕರಾರು ಬಂದರೆ ಸಿಟ್ಟು ಇಳಿಯುವವರೆಗೆ ಫೋನು ಮುಟ್ಟಬೇಡಿ, ಆಮೇಲೆ ಸೈಟಿನಲ್ಲೇ ಉತ್ತರ ಕೊಡಿ, ಆದರೆ ಸೈಟಿನವರು ಕೊಟ್ಟ ಗಡುವು ಮೀರಬೇಡಿ. ಯಾರ ಹೆಸರನ್ನೂ ಬೀದಿಗೆ ತರಬೇಡಿ.

ನೆವೆಂಕಾ ಟೀಚರ್ ಈಗಲೂ ಬೆಳಿಗ್ಗೆ ಎದ್ದು ಮಗಳನ್ನು ಕೇಳುವುದುಂಟು: "ಆತನ ಹತ್ತಿರ ರಿಪೇರಿಗೆ ಜನ ಮತ್ತೆ ಬರ್ತಿದ್ದಾರಂತಾ?" ದುಬ್ರಾವ್ಕಾ ಹೇಳುತ್ತಾಳೆ: "ಕೆಲವರು ಬರ್ತಿದ್ದಾರಂತೆ ಅಮ್ಮ. ಎಲ್ಲರೂ ಬಂದಿಲ್ಲ." ನಿಮ್ಮ ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳುವ ಹಾಗೆ ಆಗದಿರಲಿ.