ಮಂಡಿನೋವಿನ ಮೇಜು

ಮಾಲಿವಾನ್ ಮನೆಗೆ ಮೇಜು ತಂದದ್ದು ಅಮ್ಮನ ಮಂಡಿಗೋಸ್ಕರ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅಮ್ಮ ಫಾನ್ ಊಟದ ಚಾಪೆಯಿಂದ ಗೋಡೆ ಹಿಡಿದುಕೊಂಡು ಎದ್ದು, "ಇನ್ನು ನೆಲದ ಮೇಲೆ ಕೂರೋದು ನನ್ ಕೈಲಾಗಲ್ಲ ಕಣೇ, ಮಂಡಿ ಮಡಚಿದ್ರೆ ಜೀವ ಹೋಗತ್ತೆ" ಅಂದಿದ್ದಳು. ಯಸೋಥೊನ್ ಕಡೆಯ ಆ ಹಳ್ಳಿಯಲ್ಲಿ ಮೇಜಿನ ಮೇಲೆ ಉಣ್ಣುವ ಮನೆ ಒಂದೂ ಇರಲಿಲ್ಲ. ಮೇಷ್ಟ್ರ ಮನೆಯಲ್ಲಿ ಒಂದು ಮೇಜಿತ್ತು, ಅದರ ಮೇಲೆ ಅವರು ಇಸ್ತ್ರಿ ಮಾಡುತ್ತಿದ್ದರು.

ಮಾಲಿವಾನ್ ಹಿಂದೆಮುಂದೆ ನೋಡಲಿಲ್ಲ. ಅವಳು ಕೊನೆಯ ಮಗಳು. ಅಲ್ಲಿನ ರೂಢಿಯಂತೆ ಹುಟ್ಟಿದ ಮನೆ ಕೊನೆಯ ಮಗಳದು, ಅಮ್ಮನೂ ಅವಳ ಪಾಲಿಗೇ. ಅಕ್ಕ ವಿಲೈ ಮದುವೆಯಾಗಿ ಕೆರೆಯ ಆಚೆ ಬೇರೆ ಮನೆ ಹೂಡಿದ ಮೇಲೆ, ಅಮ್ಮನನ್ನು ನೋಡಿಕೊಳ್ಳುವವಳು ತಾನು ಅನ್ನುವುದೇ ಮಾಲಿವಾನ್‌ಳ ದೊಡ್ಡ ಹೆಮ್ಮೆ. ನೆರೆಯವರು ಯಾರಾದರೂ "ನಿಮ್ಮಮ್ಮ ನಿನ್ ಹತ್ರ ಮಹಾರಾಣಿ ಹಾಗಿದಾಳೆ ಬಿಡು" ಅಂದರೆ ಆ ದಿನವೆಲ್ಲ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೇಜು ಬಂತು, ಚಾಪೆ ಸುರುಳಿಯಾಗಿ ಮೂಲೆ ಸೇರಿತು. ಮೊದಲ ದಿನ ಗಂಡ ಪ್ರಸಿತ್ ಕುರ್ಚಿ ಎಳೆದುಕೊಂಡು, "ಹೋಟ್ಲಿಗೆ ಬಂದ್ ಹಾಗಾಯ್ತು, ಬಿಲ್ ಯಾರ್ ಕೊಡ್ತೀರಪ್ಪ?" ಎಂದು ನಕ್ಕ. ಅವನು ದಕ್ಷಿಣದ ಹೊಳೆ ಬಯಲಿನವನು, ಅಕ್ಕಿ ಗಿರಣಿಯ ಕೆಲಸಕ್ಕೆಂದು ಬಂದು ಇಲ್ಲೇ ಮನೆಯಳಿಯನಾದವನು. ಪಕ್ಕದ ಮನೆಯ ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಒಳಗ್ ಬರೋಕೆ ಕಾಲು ತೊಳ್ಕೊಂಡ್ರೆ ಸಾಕಾ, ಬೂಟು ಹಾಕ್ಕೋಬೇಕಾ?" ಎಂದು ಕಿಚಾಯಿಸಿದಳು. ಅಕ್ಕ ವಿಲೈಯೂ ಬಂದು ಮೇಜಿನ ಮೇಲೆ ಕೈಯಾಡಿಸಿ ನೋಡಿದಳು. "ಒಳ್ಳೇ ಮರ ಕಣೇ. ಅಮ್ಮಂಗೆ ಆರಾಮಾಯ್ತು" ಅಂದಳು.

ಅಮ್ಮನ ಕಾಲು ಮಾತ್ರ ಕುರ್ಚಿಯಿಂದ ನೆಲಕ್ಕೆ ಎಟುಕುತ್ತಿರಲಿಲ್ಲ. ಎರಡು ತುತ್ತು ಅಂಟು ಅನ್ನ ಹಿಸುಕಿ ಬಾಯಿಗೆ ಹಾಕಿಕೊಂಡು ಸಾಕು ಅನ್ನುತ್ತಿದ್ದಳು. ಮಧ್ಯಾಹ್ನವಂತೂ ಮನೆಯಲ್ಲಿ ಉಣ್ಣುತ್ತಲೇ ಇರಲಿಲ್ಲ. "ವಿಹಾರದಲ್ಲಿ ಅಂಗಳ ಗುಡಿಸ್ತೀನಿ, ಭಿಕ್ಷುಗಳದ್ದಾದ ಮೇಲೆ ಅಲ್ಲೇ ಒಂದಿಷ್ಟು ತಿಂತೀನಿ. ನಂಗೇ ಅಂತ ಕುರ್ಚಿ ಹಾಕ್ಕೊಡ್ತಾರೆ" ಎಂದು ಹೊರಡುತ್ತಿದ್ದಳು. ಸಂಜೆ ಮಾಲಿವಾನ್ ಶುಂಠಿ ಎಣ್ಣೆ ಬೆಚ್ಚಗೆ ಮಾಡಿ ಅಮ್ಮನ ಮಂಡಿಗೆ ತಿಕ್ಕುತ್ತಿದ್ದಳು. ಅಮ್ಮ ಕಣ್ಣು ಮುಚ್ಚಿ ಮುಖ ಕಿವುಚಿ, "ಅಲ್ಲೇ, ಅಲ್ಲೇ ಕಣೇ" ಅನ್ನುತ್ತಿದ್ದಳು.

ವಿಹಾರದ ಕುರ್ಚಿ ಗಟ್ಟಿಯಾಗಿರುತ್ತದೆ ಎಂದು ಮಾಲಿವಾನ್ ಸೊಂಟಕ್ಕೆ ಸುತ್ತುವ ಹಳೆಯ ಪಾಸಿನ್ ಬಟ್ಟೆಯಲ್ಲಿ ಬೂರುಗದ ಹತ್ತಿ ತುಂಬಿ ಒಂದು ದಿಂಬು ಹೊಲಿದಳು. ಬೆಳಿಗ್ಗೆಯೆಲ್ಲ ಅದರಲ್ಲೇ ಕಳೆಯಿತು. ಮಧ್ಯಾಹ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೇ ವಿಹಾರಕ್ಕೆ ನಡೆದಳು. ಪಾತ್ರೆ ಬೆಳಗುತ್ತಿದ್ದ ಮುದುಕಿ ತಲೆ ಎತ್ತಿ, "ಫಾನಾ? ಅವಳು ಈ ಕಡೆ ತಲೆ ಹಾಕಿ ಎಷ್ಟು ದಿನ ಆಯ್ತೋ. ದೊಡ್ಡ ಮಗಳ ಮನೇಲಿ ಊಟ ಮಾಡ್ತಾಳಲ್ಲ, ನಿಂಗೊತ್ತಿಲ್ವಾ?" ಅಂದಳು. ಮಾಲಿವಾನ್ ಗೊತ್ತು ಅನ್ನುವಂತೆ ತಲೆಯಾಡಿಸಿದಳು. ಊರಿಗೆಲ್ಲ ಗೊತ್ತಿರುವುದು ತನಗೊಬ್ಬಳಿಗೆ ಗೊತ್ತಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳುವುದು?

ಅಕ್ಕನ ಮನೆಯ ಮೆಟ್ಟಿಲು ಹತ್ತಿದರೆ ಕದ ತೆರೆದೇ ಇತ್ತು. ಹಲಗೆ ನೆಲದ ಮೇಲೆ ಚಾಪೆ. ಅದರ ನಡುವೆ ಬಿದಿರ ಮೊಳಕೆಯ ಸಾರು, ಕುಟ್ಟಿದ ಪರಂಗಿಕಾಯಿ, ಅನ್ನದ ಬುಟ್ಟಿ. ಅಮ್ಮ ಎರಡೂ ಕಾಲನ್ನು ಒಂದು ಪಕ್ಕಕ್ಕೆ ಮಡಚಿ, ಮದುವಣಗಿತ್ತಿಯ ಹಾಗೆ ನೆಟ್ಟಗೆ ಕೂತಿದ್ದಳು. ವಿಲೈ ಏನೋ ಅಂದಳು, ಅಮ್ಮ ನಗುತ್ತಾ ಯಾವ ಗೋಡೆಯನ್ನೂ ಹಿಡಿಯದೆ ಎದ್ದು ಒಲೆಯ ಹತ್ತಿರ ಹೋಗಿ, ಮೆಣಸಿನಕಾಯಿ ತಂದು, ಮತ್ತೆ ಹಾಗೇ ಕಾಲು ಮಡಚಿ ಕೂತಳು. ಬಾಗಿಲಲ್ಲಿ ನಿಂತ ಕಿರಿಯ ಮಗಳು ಅವಳ ಕಣ್ಣಿಗೆ ಬಿದ್ದದ್ದು ಆಗಲೇ.

ಮಾಲಿವಾನ್‌ಗೆ ಮೈಯೆಲ್ಲ ಉರಿದುಹೋಯಿತು. "ಮಂಡಿ ಹೇಗಿದೆಯಮ್ಮ?" ಅಂದಳು.

ಅಮ್ಮ ಕೈಯಲ್ಲಿದ್ದ ತುತ್ತನ್ನು ಕೆಳಗಿಡಲಿಲ್ಲ, ಬಾಯಿಗೂ ಹಾಕಿಕೊಳ್ಳಲಿಲ್ಲ.

"ಅಕ್ಕ, ನೀನೂನಾ?" ಮಾಲಿವಾನ್ ವಿಲೈ ಕಡೆ ತಿರುಗಿದಳು. "ಒಳ್ಳೇ ಮರ, ಆರಾಮಾಯ್ತು ಅಂದ್ಯಲ್ಲ. ಒಳಗೊಳಗೇ ಎಷ್ಟು ನಕ್ಕಿರ್ಬೇಡ ನೀನು."

"ನಕ್ಕಿಲ್ಲ ಕಣೇ" ಅಂದಳು ವಿಲೈ. "ಅಮ್ಮ ಹೇಳ್ಬೇಡ ಅಂದ್ಳು."

"ಅವಳನ್ನ ಯಾಕಂತೀಯ?" ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮೀನನ್ನ ಉಪ್ಪಲ್ಲಿ ಕೊಳೆಹಾಕಿ ಮಾಡ್ತೀನಲ್ಲ, ನನ್ನ ಆ ಗೊಜ್ಜಿನ ಬಟ್ಟಲು ನೆನಪಿದೆಯಾ? ನಿಮ್ಮಪ್ಪ ಇದ್ದಾಗ ಅದು ಚಾಪೆ ನಡುವೆ ಇರೋದು. ನಿನ್ ಗಂಡ ಬಂದ. ಅವನ ಕಡೆ ಇದನ್ನ ತಿನ್ನಲ್ಲ. ಪಾಪ, ಅವನು ಬಾಯಿಬಿಟ್ಟು ಏನೂ ಅನ್ಲಿಲ್ಲ. ಆದ್ರೆ ಮುಚ್ಚಳ ತೆಗೆದ್ರೆ ಉಸಿರು ಕಟ್ಕೊಂಡು ಕೂರ್ತಿದ್ದ. ನೀನು ಬಟ್ಟಲನ್ನ ನನ್ ಮುಂದಕ್ಕೆ ಸರಿಸಿದೆ. ಸರಿ, ಹೋಗ್ಲಿ ಅಂದ್ಕೊಂಡೆ. ಆಮೇಲೆ ನನ್ ಪಕ್ಕಕ್ಕೆ. ಆಮೇಲೆ ಬೆನ್ನ ಹಿಂದಕ್ಕೆ. ಒಂದಿನ ನೋಡ್ತೀನಿ, ಅದು ಚಾಪೆ ಮೇಲೇ ಇಲ್ಲ. ಗೊಜ್ಜಿಗೆ ಅನ್ನ ಅದ್ದಬೇಕಂದ್ರೆ ನಿಮ್ಮೆಲ್ರಿಗೂ ಬೆನ್ನು ಹಾಕಿ ಗೋಡೆ ನೋಡ್ಕೊಂಡ್ ಕೂರ್ಬೇಕು. ಅವತ್ತೇ ಮಂಡಿ ನೋವು ಬಂದಿದ್ದು."

ಮಾಲಿವಾನ್‌ಗೆ ಬಟ್ಟಲು ನೆನಪಿತ್ತು. ಚೂರುಚೂರೇ ಸರಿಸಿದರೆ ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಿದ್ದಳು. "ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?" ಅಂದಳು.

"ಯಾರಿಗೆ ಹೇಳ್ಲಿ? ಸರಿಸ್ತಾ ಇದ್ದಿದ್ದು ನೀನೇ."

ಅದು ನಿಜವೇ. ನಿಜವಾದರೂ ಮಾಲಿವಾನ್‌ಳ ಸಿಟ್ಟು ತಣ್ಣಗಾಗಲಿಲ್ಲ, ಇನ್ನೂ ಹೆಚ್ಚಿತು. ಬಟ್ಟಲು ಸರಿಸಿದ್ದು ತಪ್ಪು, ಇರಲಿ. ಅದಕ್ಕೆ ಬೈಯಬಹುದಿತ್ತು, ಊರವರ ಮುಂದೆ ಮರ್ಯಾದೆ ತೆಗೆಯಬಹುದಿತ್ತು. ಇದು ಬೇರೆ. "ದಿನಾ ಸಂಜೆ ಎಣ್ಣೆ ತಿಕ್ತಿದ್ನಲ್ಲಮ್ಮ" ಅಂದಳು. "ಅಲ್ಲೇ ಅಲ್ಲೇ ಅಂತಿದ್ಯಲ್ಲ. ಏನೂ ಇಲ್ಲದ ಮಂಡೀಲಿ ಎಲ್ಲಿ ಅಂತ ತೋರಿಸ್ತಿದ್ದೆ?"

ಚಾಪೆಯ ನಡುವೆ, ಎಲ್ಲರ ಕೈಗೂ ಎಟುಕುವಲ್ಲಿ, ಗೊಜ್ಜಿನ ಬಟ್ಟಲು ಮುಚ್ಚಳ ತೆಗೆದು ಕೂತಿತ್ತು. ಅದರ ವಾಸನೆ ಬಾಗಿಲವರೆಗೂ ಬರುತ್ತಿತ್ತು. ವಿಲೈ ತನ್ನ ಪಾಸಿನ್ ಅಂಚು ತಿರುಚುತ್ತಿದ್ದಳು. ಅಮ್ಮ ಸ್ವಲ್ಪ ಹೊತ್ತು ಮಗಳ ಕಂಕುಳಲ್ಲಿದ್ದ ದಿಂಬನ್ನು ನೋಡಿದಳು. ಆಮೇಲೆ ಮುಖದ ಮೇಲೊಂದು ನಗೆ ತಂದುಕೊಂಡು, "ಊಟ ಆಯ್ತಾ? ಬಾ, ಊಟ ಮಾಡು" ಅಂದಳು.

ಆ ಊರಿನಲ್ಲಿ ಚಾಪೆ ಹಾಸಿದ್ದಾಗ ಬಾಗಿಲ ಮುಂದೆ ಹಾದುಹೋಗುವ ಯಾರನ್ನಾದರೂ ಹೀಗೆ ಕರೆಯುತ್ತಾರೆ. ಟಪಾಲಿನವನನ್ನು, ಎಮ್ಮೆ ಹೊಡೆದುಕೊಂಡು ಹೋಗುವವನನ್ನು, ದಾರಿ ಕೇಳಲು ನಿಂತ ಪರವೂರಿನವನನ್ನು. ಮನೆಯವರನ್ನು ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ. ಅನ್ನ ಆರ್ತಿದೆ, ಎಲ್ ಹಾಳಾಗಿ ಹೋಗಿದ್ಯೇ ಎಂದು ಬೈದು ಕೂರಿಸುತ್ತಾರೆ.

ಮಾಲಿವಾನ್ ದಿಂಬನ್ನು ಹೊಸ್ತಿಲ ಒಳಗೆ ಇಟ್ಟಳು. ಹಾದಿಹೋಕರು ಕೊಡುವ ಉತ್ತರ ಅವಳಿಗೂ ಗೊತ್ತಿತ್ತು.

"ನಂದಾಯ್ತು, ನೀವು ಮಾಡಿ" ಅಂದು ಮೆಟ್ಟಿಲಿಳಿದಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.